ಮದರ್‌ಬೋರ್ಡ್ ಬದಲಿಸುವ ಮುನ್ನ

ನಿನ್ನೆಯವರೆಗೆ ಚೆನ್ನಾಗಿದ್ದ ಮನೆಯ ಕಂಪ್ಯೂಟರ್ ಇಂದು ಆನ್ ಆಗುತ್ತಿಲ್ಲ. ಮಕ್ಕಳ ಪಾಠದ ಟಿಪ್ಪಣಿ, ಮದುವೆಯ ಫೋಟೊಗಳು, ಅಂಗಡಿಯ ಲೆಕ್ಕ ಎಲ್ಲವೂ ಅದರಲ್ಲೇ ಇವೆ. 'ಮದರ್‌ಬೋರ್ಡ್ ಹೋಗಿದೆ' ಎಂದು ರಿಪೇರಿಯವರು ಹೇಳಿದೊಡನೆ ನೀವು ಗಾಬರಿಯಾಗುತ್ತೀರಿ. ಕೊಟ್ಟ ಬೋರ್ಡನ್ನು ಕಣ್ಣು ಮುಚ್ಚಿ ಕೊಳ್ಳುವವರಿದ್ದಾರೆ. ಪೂರ್ತಿ ಕಂಪ್ಯೂಟರನ್ನೇ ಗುಜರಿಗೆ ಹಾಕುವವರೂ ಇದ್ದಾರೆ. ಎರಡಕ್ಕೂ ಅವಸರ ಬೇಡ. ನಿಮ್ಮ ಫೈಲುಗಳಿರುವುದು ಮದರ್‌ಬೋರ್ಡಿನಲ್ಲಲ್ಲ, ಹಾರ್ಡ್‌ಡಿಸ್ಕ್‌ನಲ್ಲಿ.

ದೋಷ ನಿಜವಾಗಿಯೂ ಬೋರ್ಡಿನದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಕೆಟ್ಟರೂ, ರ‍್ಯಾಮ್ ಸಡಿಲವಾದರೂ ಕಂಪ್ಯೂಟರ್ ಏಳುವುದಿಲ್ಲ. ಬೇರೊಂದು ಎಸ್‌ಎಂಪಿಎಸ್ ಜೋಡಿಸಿ, ರ‍್ಯಾಮ್ ತೆಗೆದು ಮತ್ತೆ ಕೂರಿಸಿ ನೋಡಲು ಹೇಳಿ.

ಯಜಮಾನ ಪ್ರೊಸೆಸರ್

ಬೋರ್ಡ್ ಆರಿಸುವಾಗ ಬೆಲೆಯನ್ನಾಗಲಿ, ಕಂಪೆನಿಯ ಹೆಸರನ್ನಾಗಲಿ ಮೊದಲು ನೋಡಬಾರದು. ನಿಮ್ಮಲ್ಲಿರುವ ಪ್ರೊಸೆಸರ್ ಯಾವುದು ಎಂದು ನೋಡಬೇಕು. ಅದು ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಹೊಂದಿದರೆ ಸಾಕೇ? ಸಾಲದು. ಬೋರ್ಡಿನ ಚಿಪ್‌ಸೆಟ್ ಕೂಡಾ ಹೊಂದಬೇಕು.

ಒಂದು ಉದಾಹರಣೆ ನೋಡಿ. ಇಂಟೆಲ್ ಕಂಪೆನಿಯ ಐ5-7400 ಮತ್ತು ಐ5-8400 ಪ್ರೊಸೆಸರ್‌ಗಳೆರಡೂ 2017ರಲ್ಲಿ ಬಂದವು. ಎರಡರ ಸಾಕೆಟ್ ಹೆಸರೂ ಎಲ್‌ಜಿಎ 1151. ಆದರೆ ಮೊದಲನೆಯದಕ್ಕೆ ಎಚ್110, ಬಿ250 ಮುಂತಾದ ಚಿಪ್‌ಸೆಟ್‌ನ ಬೋರ್ಡ್ ಬೇಕು. ಎರಡನೆಯದಕ್ಕೆ ಎಚ್310, ಬಿ360 ಮುಂತಾದವು ಬೇಕು. ಅದಲುಬದಲಾದರೆ ಪ್ರೊಸೆಸರ್ ಸರಿಯಾಗಿ ಕೂತಂತೆ ಕಂಡರೂ ಕೆಲಸ ನಡೆಯುವುದಿಲ್ಲ. 'ಎತ್ತು ಏರಿಗೆ, ಕೋಣ ನೀರಿಗೆ' ಎಂದಂತಾಗುತ್ತದೆ. ಐ5-7400ಕ್ಕೆ ಎಚ್110 ಬೋರ್ಡನ್ನೇ ತಂದರೂ, ಅದು ಹಳೆಯ ದಾಸ್ತಾನಾಗಿದ್ದರೆ ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಅದನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಎಂಬ ಪಟ್ಟಿ ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿರುತ್ತದೆ. ಹಣ ಕೊಡುವ ಮುನ್ನ ನಿಮ್ಮ ಪ್ರೊಸೆಸರ್ ಹೆಸರು ಅದರಲ್ಲಿದೆಯೇ ಎಂದು ನೋಡಿ.

ಉಳಿದ ಭಾಗಗಳು

ಡಿಡಿಆರ್3, ಡಿಡಿಆರ್4, ಡಿಡಿಆರ್5 ರ‍್ಯಾಮ್‌ಗಳ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಎಚ್110ರಲ್ಲಿ ಡಿಡಿಆರ್3 ಬೋರ್ಡ್‌ಗಳೂ ಇವೆ, ಡಿಡಿಆರ್4 ಬೋರ್ಡ್‌ಗಳೂ ಇವೆ. ಆದ್ದರಿಂದ ಹಳೆಯ ರ‍್ಯಾಮನ್ನು ಅಂಗಡಿಗೆ ಒಯ್ಯಿರಿ.

ಬೋರ್ಡಿನ ಅಳತೆಯೂ ಮುಖ್ಯ. ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲವಿರುತ್ತದೆ. ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 ಮಿ.ಮೀ. ಚೌಕ. ಸಾಮಾನ್ಯವಾಗಿ ದೊಡ್ಡ ಕ್ಯಾಬಿನೆಟ್‌ನಲ್ಲಿ ಸಣ್ಣ ಬೋರ್ಡ್ ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. ಕಂಪೆನಿಯಿಂದಲೇ ಜೋಡಿಸಿ ಬಂದ ಕಂಪ್ಯೂಟರಾದರೆ ಇನ್ನಷ್ಟು ಎಚ್ಚರ ಬೇಕು. ಅವುಗಳಲ್ಲಿ ಹಲವದರ ಎಸ್‌ಎಂಪಿಎಸ್ ಕನೆಕ್ಟರ್ ಮಾಮೂಲಿನ 24 ಪಿನ್‌ನದ್ದಲ್ಲ. ಅಂಥವಕ್ಕೆ ಅದೇ ಮಾದರಿಯ ಬೋರ್ಡ್ ಹುಡುಕುವುದೇ ಲೇಸು. ನಿಮ್ಮ ಮಾನಿಟರ್‌ಗೆ ವಿಜಿಎ ಕೇಬಲ್ ಮಾತ್ರ ಇದ್ದರೆ, ಬೋರ್ಡಿನಲ್ಲಿ ಆ ಕಿಂಡಿ ಇದೆಯೇ ಎಂದೂ ಕೇಳಿ.

ಬೀಗದ ಕೀ ಎಲ್ಲಿದೆ?

ಇನ್ನೊಂದು ಮುಖ್ಯ ವಿಷಯ. ವಿಂಡೋಸ್‌ನ ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಬೋರ್ಡ್ ಬದಲಾದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಫೋಟೊಗಳೆಲ್ಲ ಇದ್ದೂ ಇಲ್ಲದಂತೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಬರೆದಿಟ್ಟುಕೊಳ್ಳಿ. ಹೊಸ ಬೋರ್ಡಿನಲ್ಲಿ ವಿಂಡೋಸ್ ಮತ್ತೆ ಆ್ಯಕ್ಟಿವೇಶನ್ ಕೇಳಬಹುದು ಎಂಬುದೂ ನೆನಪಿರಲಿ.

ಕೊನೆಗೆ ಖರ್ಚಿನ ಲೆಕ್ಕ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಐ5-8400ಕ್ಕೆ ಒಗ್ಗುತ್ತದೆ, ಐ5-7400 ಮಾತ್ರ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿಲ್ಲ. ಆದ್ದರಿಂದ ತೀರಾ ಹಳೆಯ ಪ್ರೊಸೆಸರ್‌ಗೆ ದುಬಾರಿ ಬೋರ್ಡ್ ತರುವುದು ಜಾಣತನವಲ್ಲ. ಪ್ರೊಸೆಸರ್ ಇನ್ನೂ ಕೆಲವು ವರ್ಷ ಬಾಳುವಂಥದ್ದಾದರೆ, ಒಂದು ಬೋರ್ಡ್ ಕೆಟ್ಟಿತೆಂದು ಇಡೀ ಕಂಪ್ಯೂಟರನ್ನು ಎಸೆಯುವುದೂ ಜಾಣತನವಲ್ಲ. ಪ್ರೊಸೆಸರ್, ರ‍್ಯಾಮ್, ಹಳೆಯ ಬೋರ್ಡಿನ ಮಾದರಿ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಆ ಚೀಟಿ ನಿಮ್ಮ ಸಾವಿರಾರು ರೂಪಾಯಿ ಉಳಿಸೀತು.