ಮಾಗಳಿ ಬೇರಿಗೂ ಒಂದು ಪಹಣಿ

ತುಮಕೂರು ಸೀಮೆಯ ನಮ್ಮೂರಿಗೆ ಮಾಗಳಿ ಬೇರಿನ ಉಪ್ಪಿನಕಾಯಿ ಹೊಸದಲ್ಲ. ಹುಡುಗನಾಗಿದ್ದಾಗ ಅಪ್ಪನ ಜತೆ ಬೆಟ್ಟ ಹತ್ತಿ, ಬಂಡೆ ಸಂದಿಗೆ ಹಾರೆ ಹಾಕಿ ಬೇರು ಕೀಳುತ್ತಿದ್ದೆ. ರಾಗಿ ಕೈಕೊಟ್ಟ ವರ್ಷ ಸಂತೆಯಲ್ಲಿ ಅದನ್ನೇ ಮಾರಿ ಉಪ್ಪು, ಮೆಣಸಿನಕಾಯಿ ತಂದದ್ದೂ ಉಂಟು. ಈಗ ಬೆಟ್ಟವೆಲ್ಲ ಸುತ್ತಿದರೂ ಒಂದು ಬಳ್ಳಿ ಕಾಣೋದಿಲ್ಲ. "ಇಲ್ಲಿ ನಿಜವಾಗ್ಲೂ ಇತ್ತೇನಪ್ಪಾ?" ಅಂತ ಮಗ ಕೇಳಿದ. ತೋರಿಸೋಕೆ ನನ್ನ ಹತ್ರ ಏನೂ ಇರಲಿಲ್ಲ.

ಹೋದ ವರ್ಷ ಸಸ್ಯಶಾಸ್ತ್ರ ಓದುವ ನಮ್ಮಕ್ಕನ ಮಗಳು ಬೆಂಗಳೂರಿನ ಒಂದು ಹರ್ಬೇರಿಯಂಗೆ ಕರೆದೊಯ್ದಳು. ಗಿಡದ ರೆಂಬೆಯನ್ನು ಎಲೆ, ಹೂವು, ಕಾಯಿ ಸಮೇತ ಪೇಪರ್ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ ಬೀರುವಿನಲ್ಲಿ ಇಟ್ಟಿರುತ್ತಾರೆ. ಹಾಳೆಯ ಮೂಲೆಯಲ್ಲಿ ಒಂದು ಚೀಟಿ. ಯಾವ ಬೆಟ್ಟ, ಎಷ್ಟು ಎತ್ತರ, ಯಾವ ತಾರೀಕು, ಕಿತ್ತವರು ಯಾರು, ಎಲ್ಲ ಅದರಲ್ಲಿದೆ. ನಮ್ಮ ಹೊಲಕ್ಕೆ ಪಹಣಿ ಇದ್ದ ಹಾಗೆ.

ನಮ್ಮ ಮಾಗಳಿಗೆ ವೈಟ್ ಮತ್ತು ಆರ್ನಾಟ್ ಎಂಬ ಇಬ್ಬರು 1834ರಲ್ಲೇ ಡೆಕಲೆಪಿಸ್ ಹ್ಯಾಮಿಲ್ಟೋನಿ ಅಂತ ಹೆಸರಿಟ್ಟಿದ್ದಾರೆ. ತೆಂಕಣದ ಒಣ ಬಂಡೆಬೆಟ್ಟಗಳ ಕಾಡೇ ಇದರ ತವರು. ಹಳೇ ಹಾಳೆಗಳ ತಾರೀಕು ಜೋಡಿಸಿದರೆ ಬಳ್ಳಿ ಯಾವ ತಿಂಗಳು ಹೂ ಬಿಡುತ್ತೆ, ಯಾವಾಗ ಕಾಯಿ ಕಟ್ಟುತ್ತೆ ಅಂತ ತಿಳಿಯುತ್ತೆ. ಚೀಟಿಯಲ್ಲಿರುವ ಬೆಟ್ಟಕ್ಕೆ ಮತ್ತೆ ಹೋಗಿ ನೋಡಿದರೆ, ಉಳಿದಿದೆಯೋ ಅಳಿದಿದೆಯೋ ಗೊತ್ತಾಗುತ್ತೆ.

ಅಲ್ಲಿ ನೋಡಿದ ಹಾಳೆಗಳಲ್ಲಿ ನಮ್ಮೂರ ಬೆಟ್ಟದ ಹೆಸರಿರಲಿಲ್ಲ. "ಹಾಳೆ ಇಲ್ಲ ಅಂದ್ರೆ ಗಿಡ ಇರಲಿಲ್ಲ ಅಂತಲ್ಲ ಮಾವ, ಯಾರೂ ಬರೆದಿಡಲಿಲ್ಲ ಅಂತ ಅಷ್ಟೇ" ಅಂದಳು. ನನಗೆ ಚುರುಕ್ ಅಂತು. ಬೇರು ಕಿತ್ತವರು ನಾವು, ಬರೆದಿಡದವರೂ ನಾವೇ.

ಈ ಬಳ್ಳಿಯ ಬೀಜಕ್ಕೆ ಎಕ್ಕದ ಬೀಜದ ಹಾಗೆ ರೇಷ್ಮೆ ಕುಚ್ಚು ಇರುತ್ತೆ, ಗಾಳಿಗೆ ಹಾರುತ್ತೆ. ಕಾಯಿ ಒಡೆಯುವ ಮೊದಲೇ ಬುಡ ಕಿತ್ತರೆ ಹಾರುವುದಾದರೂ ಏನು?

ನರ್ಸರಿಯಿಂದ ಎರಡು ಸಸಿ ತಂದು ಬದುವಿನ ಬೇಲಿಗೆ ಹಬ್ಬಿಸಿದ್ದೇನೆ. ಬೇರು ಬೇಕಾದಾಗ ಒಂದು ಪಕ್ಕದ್ದನ್ನಷ್ಟೇ ತೆಗೆದು, ಬುಡ ಬಿಟ್ಟು ಮಣ್ಣು ಮುಚ್ಚಬೇಕೆಂದಿದ್ದೇನೆ. ಮಗನ ಹಳೇ ನೋಟ್‌ಬುಕ್ಕಿನಲ್ಲಿ ಹೂ ಬಿಟ್ಟ ದಿನ, ಕಾಯಿ ಕಟ್ಟಿದ ದಿನ ಬರೆಯುತ್ತಿದ್ದೇನೆ.

ನಿಮ್ಮ ಬೆಟ್ಟದಲ್ಲಿ ಮಾಗಳಿ ಇನ್ನೂ ಉಳಿದಿದ್ದರೆ ಕೀಳಬೇಡಿ. ಜಾಗ, ತಾರೀಕು ಬರೆದಿಡಿ. ಏಳನೇ ಕ್ಲಾಸು ಓದಿದ ನನ್ನ ಕೈಲಿ ಆಗುವ ಕೆಲಸ ನಿಮ್ಮ ಕೈಲೂ ಆದೀತು.