ದನಕರುಗಳ ಕಣ್ಣುಬೇನೆ
ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ರೈತರಿಗೆ ಕೆಲವು ಸೂಚನೆಗಳು

ಕಾಲುಬಾಯಿ ಜ್ವರ, ಗಂಟಲುಬೇನೆ ಮುಂತಾದ ರೋಗಗಳಿಗೆ ಹೆದರುವಷ್ಟು ನಮ್ಮ ರೈತರು ಕಣ್ಣುಬೇನೆಗೆ ಹೆದರುವುದಿಲ್ಲ. ಇದರಿಂದ ದನವು ಸಾಯುವುದು ಅಪರೂಪವೆಂಬುದೇ ಈ ಉದಾಸೀನಕ್ಕೆ ಕಾರಣವಾಗಿರಬಹುದು. ಆದರೆ ಒಂದು ಕಣ್ಣು ಮಂಜಾದ ಎತ್ತು ಆ ಮಗ್ಗುಲಿನಿಂದ ಬಂದವರಿಗೆಲ್ಲ ಬೆದರುವುದು, ಉಳುವಾಗ ಸಾಲು ತಪ್ಪುವುದು. ಸಂತೆಯಲ್ಲಿ ಅದಕ್ಕೆ ತಕ್ಕ ಬೆಲೆ ದೊರೆಯುವುದಿಲ್ಲ. ಕಣ್ಣುನೋವಿನಿಂದ ಮೇವು ಬಿಟ್ಟ ಹಸುವಿನ ಹಾಲೂ ಕುಗ್ಗುವುದು. ಆದುದರಿಂದ ಇದು ಅಲ್ಪವಾದ ನಷ್ಟವಲ್ಲ.

ಈ ಎರಡು ತಾಲ್ಲೂಕುಗಳ ಹೆಚ್ಚು ಭಾಗವು ಮಳೆಯಾಧಾರದ ಬಯಲು. ಬೇಸಗೆಯಲ್ಲಿ ಬಿಸಿಲೂ ಧೂಳೂ ಅತಿಯಾಗಿರುವುವು. ಮುಂಗಾರಿನ ಮೊದಲ ಹನಿ ಬಿದ್ದೊಡನೆ ತಿಪ್ಪೆಗಳಲ್ಲಿ ನೊಣಗಳು ಹೆಚ್ಚುವುವು. ಕಣ್ಣುಬೇನೆಗೆ ಇವು ಮೂರೂ ಅನುಕೂಲವಾದ ಸಂದರ್ಭಗಳು.

1. ಅಂಟುವ ಕಣ್ಣುಬೇನೆ

ದನಗಳಲ್ಲಿ ಇದನ್ನು ಹುಟ್ಟಿಸುವುದು ಮೊರಾಕ್ಸೆಲ್ಲಾ ಬೋವಿಸ್ ಎಂಬ ಸೂಕ್ಷ್ಮಜೀವಿ. ಕುರಿಮೇಕೆಗಳಲ್ಲಿ ಇಂಥದೇ ಬೇನೆಯನ್ನು ತರುವ ಜೀವಾಣುಗಳು ಬೇರೆ. ರೋಗಿಯ ಕಣ್ಣೀರಿನ ಮೇಲೆ ಕುಳಿತ ನೊಣವು ಮತ್ತೊಂದರ ಕಣ್ಣಿಗೆ ಇದನ್ನು ಒಯ್ಯುವುದು. ಮೊದಲು ನೀರು ಸುರಿಯುವುದು, ರೆಪ್ಪೆ ಊದುವುದು, ದನವು ಬೆಳಕಿಗೆ ಕಣ್ಣು ಮುಚ್ಚುವುದು. ಕೆಲವು ದಿನಗಳಲ್ಲಿ ಕರಿಗುಡ್ಡೆಯ ನಡುವೆ ಬಿಳಿಯ ಮಚ್ಚೆ ಕಾಣುವುದು. ಇದನ್ನೇ ನಮ್ಮವರು ‘ಹೂ ಬಿತ್ತು’ ಎನ್ನುವರು. ಅಲ್ಲಿ ಹುಣ್ಣಾಗಿ ಒಡೆದರೆ ಕಣ್ಣು ಹೋದಂತೆಯೇ ಸರಿ. ಕಾಲಕ್ಕೆ ಚಿಕಿತ್ಸೆ ದೊರೆತರೆ ಬಹುಪಾಲು ಕೆಲವು ವಾರಗಳಲ್ಲಿ ಗುಣವಾಗುವುವು. ಕರುಗಳಿಗೆ ಇದು ಬೇಗ ತಗಲುವುದು.

2. ಕಣ್ಣುಹುಳು

ರೆಪ್ಪೆಯ ಒಳಮಗ್ಗುಲಲ್ಲಿ ಬಿಳಿಯ ದಾರದ ಎಳೆಯಂತೆ, ಒಂದೆರಡು ಸೆಂಟಿಮೀಟರು ಉದ್ದದ ಹುಳು ಹರಿದಾಡುವುದುಂಟು. ಇದರ ಹೆಸರು ಥೆಲೇಜಿಯಾ. ಇದನ್ನು ಹರಡುವುದೂ ನೊಣವೇ. ಹುಳುವನ್ನು ಕಡ್ಡಿಯಿಂದಲೋ ಉಗುರಿನಿಂದಲೋ ತೆಗೆಯಹೋಗಿ ಗುಡ್ಡೆಗೆ ಗಾಯ ಮಾಡಬಾರದು. ವೈದ್ಯರು ಕಣ್ಣನ್ನು ಮರಗಟ್ಟಿಸಿ ತೆಗೆಯುವರು. ಇದಕ್ಕೆ ಔಷಧವೂ ಉಂಟು.

3. ಹಸುರು ಮೇವಿನ ಕೊರತೆಯಿಂದ ಬರುವ ಇರುಳುಗಣ್ಣು

ಹಸುರು ಮೇವಿನಲ್ಲಿರುವ ಕೆರೊಟೀನ್ ಎಂಬ ವಸ್ತುವು ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವುದು. ಹುಲ್ಲು ಬಿಸಿಲಿನಲ್ಲಿ ಒಣಗಿ ಹಳೆಯದಾದಂತೆ ಕೆರೊಟೀನು ನಶಿಸುವುದು. ದೀರ್ಘಕಾಲ ಬರಿಯ ಒಣಹುಲ್ಲು, ಜೋಳದ ಸಪ್ಪೆಗಳನ್ನೇ ತಿಂದ ದನಕ್ಕೆ ಮುಸ್ಸಂಜೆಯಲ್ಲಿ ದಾರಿ ಕಾಣದು; ಕಂಬ, ಗೋಡೆಗಳಿಗೆ ಮುಗ್ಗರಿಸುವುದು. ಗಬ್ಬದ ಹಸುವಿಗೆ ಈ ಕೊರತೆಯು ಹೆಚ್ಚಾದರೆ ಕರುವು ಕುರುಡಾಗಿಯೇ ಹುಟ್ಟಬಹುದು. ಬದುಗಳ ಮೇಲೆ ಅಗಸೆ, ನುಗ್ಗೆ ಗಿಡಗಳನ್ನು ಬೆಳೆಸಿ, ಬೇಸಗೆಯಲ್ಲಿ ದಿನಕ್ಕೆ ಒಂದೆರಡು ಹಿಡಿ ಸೊಪ್ಪನ್ನಾದರೂ ಕೊಡುವುದು ಲೇಸು. ಹುಟ್ಟಿದ ಕರುವಿಗೆ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲನ್ನು ಕುಡಿಸತಕ್ಕದ್ದು. ಈ ಜೀವಸತ್ವವು ಅದರಲ್ಲಿ ಹೇರಳವಾಗಿರುವುದು.

4. ಲಂಟಾನದ ವಿಷ

ಬಂಡೀಪುರದ ಕಾಡಿನಂಚಿನ ಗ್ರಾಮಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೇವಿಲ್ಲದ ದಿನಗಳಲ್ಲಿ ಲಂಟಾನದ ಎಲೆಯನ್ನು ತಿಂದ ದನದ ಪಿತ್ತಕೋಶವು ಕೆಡುವುದು. ಕಣ್ಣಿನ ಬಿಳಿಭಾಗ ಹಳದಿಯಾಗಿ, ಕಣ್ಣು ಕೆಂಪೇರಿ ನೀರು ಸುರಿಯುವುದು, ಬಿಸಿಲು ತಗುಲಿದ ಬಿಳಿಯ ಚರ್ಮವು ಸುಟ್ಟಂತಾಗಿ ಬಿರಿಯುವುದು, ಸಗಣಿ ಗಟ್ಟಿಯಾಗುವುದು. ಇದು ಕಣ್ಣಿನ ರೋಗವೆಂದು ತಿಳಿದು ಕಣ್ಣಿಗೆ ಮಾತ್ರ ಔಷಧ ಹಾಕಿದರೆ ದನವನ್ನೇ ಕಳೆದುಕೊಳ್ಳಬೇಕಾದೀತು. ಒಡನೆಯೇ ನೆರಳಿನಲ್ಲಿ ಕಟ್ಟಿ ವೈದ್ಯರನ್ನು ಕರೆಸಬೇಕು.

ಮುಖದಲ್ಲಿ ಬಿಳುಪು ಹೆಚ್ಚಾಗಿರುವ ಮಿಶ್ರತಳಿಯ ಹಸುಗಳ ಕಣ್ಣಿನ ಮೂಲೆಯಲ್ಲಿ ಮಾಂಸದ ಗಡ್ಡೆ ಬೆಳೆಯುವುದುಂಟು. ಅದು ಅರ್ಬುದ ರೋಗವಾಗಿರಬಹುದು. ಚಿಕ್ಕದಿದ್ದಾಗಲೇ ಕತ್ತರಿಸಿ ತೆಗೆಸಿದರೆ ಕಣ್ಣು ಉಳಿಯುವ ಸಂಭವವುಂಟು.

ಮಾಡತಕ್ಕದ್ದು

(ಅ) ಕಣ್ಣುಬೇನೆಯ ದನವನ್ನು ಮಂದೆಯಿಂದ ಬೇರ್ಪಡಿಸಿ, ನೆರಳಿನಲ್ಲಿ ಕಟ್ಟಿ, ಅದರ ಮುಂದೆಯೇ ನೀರು ಮೇವುಗಳನ್ನಿಡಬೇಕು.

(ಆ) ಒಂದು ಲೀಟರು ನೀರನ್ನು ಕುದಿಸಿ, 9 ಗ್ರಾಂ ಉಪ್ಪು ಬೆರೆಸಿ, ಆರಿದ ಮೇಲೆ ಶುದ್ಧವಾದ ಹತ್ತಿಯಿಂದ ಕಣ್ಣನ್ನು ಒರಸಬೇಕು. ಒಂದು ದನಕ್ಕೆ ಬಳಸಿದ ಹತ್ತಿಯನ್ನು ಮತ್ತೊಂದಕ್ಕೆ ಮುಟ್ಟಿಸಕೂಡದು; ಆ ಮೇಲೆ ಕೈ ತೊಳೆಯಬೇಕು.

(ಇ) ಔಷಧವನ್ನು ವೈದ್ಯರು ಹೇಳಿದಷ್ಟು ದಿನವೂ ಹಾಕಬೇಕು. ಹಾಲನ್ನು ಮಾರದೆ ಇರಬೇಕಾದ ದಿನಗಳೆಷ್ಟೆಂಬುದನ್ನೂ ಕೇಳಿ ತಿಳಿಯಬೇಕು.

(ಈ) ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರವಿಡಬೇಕು. ಸಗಣಿ ಗಂಜಲಗಳನ್ನು ದಿನವೂ ತೆಗೆಯಬೇಕು.

ಮಾಡಬಾರದ್ದು

ಹೂ ತೆಗೆಯುವ ನೆಪದಿಂದ ಹೊಗೆಸೊಪ್ಪಿನ ರಸ, ಉಪ್ಪಿನ ಹರಳು, ಸುಣ್ಣ, ಕಳ್ಳಿಹಾಲು ಇವನ್ನು ಕಣ್ಣಿಗೆ ಹಾಕುವ ರೂಢಿಯನ್ನು ಬಿಡಬೇಕು. ಕಳ್ಳಿಹಾಲೂ ಸುಣ್ಣವೂ ಕಣ್ಣಿನ ಗುಡ್ಡೆಯನ್ನೇ ಸುಡುವುವು. ಹಾಗೆಯೇ ಸ್ಟೀರಾಯ್ಡು ಬೆರೆತ ಹನಿಗಳನ್ನು ಅಂಗಡಿಯಿಂದ ತಂದು ಹಾಕಬಾರದು. ಕಣ್ಣಿನಲ್ಲಿ ಹುಣ್ಣಿದ್ದರೆ ಅದು ಇವುಗಳಿಂದ ಇನ್ನೂ ಆಳಕ್ಕೆ ಇಳಿಯುವುದು.

ದನವನ್ನು ಆಸ್ಪತ್ರೆಗೆ ಒಯ್ಯಲಾಗದವರು 1962 ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುವೈದ್ಯ ಘಟಕದ ನೆರವನ್ನು ಪಡೆಯಬಹುದು. ಬೆಳಗ್ಗೆ ಮೇವು ಹಾಕುವಾಗ ಪ್ರತಿಯೊಂದು ದನದ ಎರಡು ಕಣ್ಣುಗಳನ್ನೂ ಒಮ್ಮೆ ನೋಡುವ ಅಭ್ಯಾಸವಿದ್ದರೆ, ನೀರು ಸುರಿಯುವ ಮೊದಲ ದಿನವೇ ಬೇನೆಯು ತಿಳಿಯುವುದು. ಇದಕ್ಕೆ ಖರ್ಚೇನೂ ಇಲ್ಲ.