ಈಗ ಕಟ್ಟಲ್ಪಡುತ್ತಿರುವ ಒಂದು ಪುರಾತನ ಕೋಟೆ

ಕೋಟೆಗಳೆಂದರೆ ಪೂರ್ವಿಕರು ಕಟ್ಟಿಹೋದವುಗಳು, ನಾವು ನೋಡಿ ಬರತಕ್ಕವುಗಳು ಎಂದೆಣಿಸುವದು ರೂಢಿ. ಆದರೆ ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತದಲ್ಲಿ, ತ್ರೆನ್ಯಿ ಎಂಬ ಊರಿನ ಬಳಿಯ ಅಡವಿಯ ನಡುವೆ, ಹಳೇ ಕಲ್ಲುಗಣಿಯೊಂದರಲ್ಲಿ 1997ನೆಯ ಇಸವಿಯಲ್ಲಿ ಆರಂಭವಾದ ಗೆದೆಲೋನ್ ಕೋಟೆಯು ಇಂದಿಗೂ ಕಟ್ಟಲ್ಪಡುತ್ತಲಿದೆ. ಸಮೀಪದ ಸೇಂ ಫಾರ್ಜೋ ಅರಮನೆಯ ಒಡೆಯರಾದ ಮಿಶೆಲ್ ಗಿಯೋ ಎಂಬವರು ಈ ಕಾರ್ಯದ ಮೂಲಪುರುಷರು. ಕಾರ್ಮಿಕರ ಪ್ರಾಣರಕ್ಷಣೆಗೆ ಬೇಕಾದುದರ ಹೊರತು, 13ನೆಯ ಶತಮಾನದ ಮೇಸ್ತ್ರಿಗಳು ಅರಿಯದಿದ್ದ ಯಾವ ಸಾಧನವನ್ನೂ ಬಳಸಬಾರದೆಂಬದೇ ಇಲ್ಲಿಯ ನಿಯಮವು.

ಪ್ರೇಕ್ಷಕರ ಕಿವಿಗೆ ಮೊದಲು ಬೀಳುವದು ಚಾಣದ ಸದ್ದು. ಕಲ್ಲೊಡೆಯುವವನು ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಅದರ ನಾದದಿಂದಲೇ ಒಳಗಿನ ಬಿರುಕನ್ನು ತಿಳಿಯುವನು. ಬಳಿಕ ಸಾಲಾಗಿ ಕುಳಿಗಳನ್ನು ಕೊರೆದು ಕಬ್ಬಿಣದ ಬೆಣೆಗಳನ್ನು ಒಂದಾದ ಮೇಲೊಂದರಂತೆ ಹೊಡೆಯುವನು. ಮೊಂಡಾದ ಹತಾರುಗಳನ್ನು ಅಲ್ಲಿಯೇ ಕುಲುಮೆಯಲ್ಲಿ ಕಮ್ಮಾರನು ಹದಮಾಡಿಕೊಡುವನು. ಕಲ್ಲುಗಳನ್ನು ಕುದುರೆಬಂಡಿಯು ಸಾಗಿಸುವದು. ಅವನ್ನು ಬೆಸೆಯುವದು ಸಿಮೆಂಟಲ್ಲ, ಸುಣ್ಣದ ಗಾರೆ. ಅದನ್ನು ನಮ್ಮ ಅಜ್ಜಂದಿರೂ ಬಲ್ಲವರಾಗಿದ್ದರು.

ಮೂಲೆಮಟ್ಟವನ್ನು ನೋಡುವ ಬಗೆಯು ವಿಶೇಷವಾದದ್ದು. ಒಂದು ಹಗ್ಗಕ್ಕೆ ಸಮದೂರದಲ್ಲಿ 13 ಗಂಟುಗಳನ್ನು ಹಾಕಿದರೆ ನಡುವೆ 12 ಸಮಭಾಗಗಳುಂಟಾಗುವವು. ಮೊದಲ ಮತ್ತು ಕೊನೆಯ ಗಂಟುಗಳನ್ನು ಕೂಡಿಸಿ, ಬದಿಗಳು 3, 4, 5 ಭಾಗಗಳಾಗುವಂತೆ ಎಳೆದು ಹಿಡಿದರೆ ಸರಿಯಾದ ಲಂಬಕೋನವು ದೊರೆಯುವದು. ಕ್ಷೇತ್ರಗಣಿತವನ್ನು ಪರೀಕ್ಷೆಯೊಡನೆಯೇ ಮರೆತುಬಿಟ್ಟ ಸೋದರಿಯರು ಮನೆಯ ಅಂಗಳದಲ್ಲಿ ಇದನ್ನು ಮಾಡಿ ನೋಡಬಹುದು!

ಭಾರವನ್ನೆತ್ತುವದಕ್ಕೆ ಮರದ ದೊಡ್ಡ ಚಕ್ರವುಂಟು. ಮನುಷ್ಯನು ಅದರೊಳಗೆ ನಡೆದಂತೆ ಅಚ್ಚಿಗೆ ಹಗ್ಗವು ಸುತ್ತಿಕೊಳ್ಳುವದು. ಚಕ್ರವು ಅಗಲವಾಗಿಯೂ ಅಚ್ಚು ಸಣ್ಣದಾಗಿಯೂ ಇರುವದರಿಂದ, ಹತ್ತಾರು ಜನರು ಎತ್ತಬೇಕಾದ ಕಲ್ಲು ಮೆಲ್ಲಮೆಲ್ಲನೆ ಗೋಡೆಯ ಮೇಲಕ್ಕೇರುವದು. ಅಲ್ಲಿಯವರು ಇದನ್ನು ಅಳಿಲಿನ ಪಂಜರವೆನ್ನುವರು.

ವೈರಿಗಳೇ ಇಲ್ಲದ ಈ ಕಾಲದಲ್ಲಿ ಕೋಟೆಯೇಕೆ, ಇದು ಬರಿಯ ಆಟವಲ್ಲವೇ ಎಂದು ಹೆತ್ತವರು ಕೇಳಬಹುದು. ವೆಚ್ಚವೇನೋ ಪ್ರೇಕ್ಷಕರು ಕೊಡುವ ಹಣದಿಂದಲೇ ಬಹುಮಟ್ಟಿಗೆ ನಡೆಯುವದು. ಆದರೆ ಕೊಡಲಿಯಿಂದ ತೊಲೆಯನ್ನು ಚೌಕಮಾಡುವ ಕೈಚಳಕವು ಗ್ರಂಥದಿಂದ ಬರುವದಲ್ಲ; ಒಂದು ತಲೆಮಾರು ಬಿಟ್ಟರೆ ಅದು ನಶಿಸುವದು. 2019ನೆಯ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದ ಓಕ್ ಮರದ ಮಾಡು ಬೆಂಕಿಗೆ ಆಹುತಿಯಾದಾಗ, ಅದನ್ನು ಮೊದಲಿನಂತೆಯೇ ಕೆತ್ತಬಲ್ಲವರು ಬೇಕಾದರು. ಗೆದೆಲೋನಿನಲ್ಲಿ ಪಳಗಿದ ಬಡಗಿಗಳು ಆ ಕೆಲಸದಲ್ಲಿ ಸೇರಿದ್ದರು. 2024ರ ಡಿಸೆಂಬರಿನಲ್ಲಿ ದೇವಾಲಯವು ಪುನಃ ತೆರೆಯಲ್ಪಟ್ಟಿತು.

ಚಳಿಗಾಲದಲ್ಲಿ ಕೋಟೆಯು ಪ್ರೇಕ್ಷಕರಿಗೆ ಮುಚ್ಚಿರುವದು. ಆ ದೇಶಕ್ಕೆ ಹೋಗುವ ಸಂದರ್ಭವುಳ್ಳವರು ವಸಂತದಿಂದ ಶರತ್ಕಾಲದೊಳಗೆ ಹೋಗತಕ್ಕದ್ದು.